ಅಪ್ಪಣೆ ಕೇಳದ ದಾರಿ

ಹೋಪ್‌ಬ್ಯಾಚ್, ಶ್ರಾಪ್‌ಷೈರ್
8 ಫೆಬ್ರವರಿ 1987

ಪ್ರೀತಿಯ ದೊಡ್ಡಮ್ಮನಿಗೆ,

ನೀವು ಊರು ಬಿಟ್ಟಮೇಲೆ ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನಮ್ಮಿಬ್ಬರ ನಡುವೆ ಕಾಗದವೇ ಓಡಾಡಿಲ್ಲ. ಈಗ ಏಕಾಏಕಿ ಇಷ್ಟುದ್ದ ಬರೆಯಲು ಕೂತಿದ್ದಾಳೆಂದರೆ ಇವಳಿಗೆ ಏನೋ ಕೆಲಸವಾಗಬೇಕು ಎಂದುಕೊಳ್ಳುತ್ತೀರಿ. ನಿಜವೇ, ಕೆಲಸವಾಗಬೇಕು.

ಗಾರ್ಸ್ಟಿ ಫಾರ್ಮಿನ ಕಾಲುದಾರಿಗೆ ಮುಳ್ಳುತಂತಿ ಬಿದ್ದಿದೆ. ರೂಬೆನ್ ಬೆಡೋಸ್ ತೀರಿಕೊಂಡಮೇಲೆ ಜಮೀನು ಅವರ ಅಣ್ಣನ ಮಗ ಟ್ರೆವರ್‌ಗೆ ಹೋಯಿತಲ್ಲ, ಅವನು ಹೋದ ವಾರ ಚರ್ಚಿನ ಹಿಂದೆ ಬೇಲಿ ಹತ್ತಿ ದಾಟುವ ತಡಮೆಗೆ ತಂತಿ ಸುತ್ತಿ, 'ಖಾಸಗಿ, ಪ್ರವೇಶವಿಲ್ಲ' ಎಂದು ಬೋರ್ಡು ಹೊಡೆದಿದ್ದಾನೆ. ನಾನು ಭಾನುವಾರದ ನಡಿಗೆಯವರನ್ನು ಕಟ್ಟಿಕೊಂಡು ಅಲ್ಲಿಗೆ ಹೋದರೆ ಹದಿನಾಲ್ಕು ಜನ ಕೆಸರಿನಲ್ಲಿ ನಿಂತು ಆ ಬೋರ್ಡನ್ನು ಗಟ್ಟಿಯಾಗಿ ಓದಿದೆವು. ಓದಿ, ಟೋಪಿ ಸರಿಮಾಡಿಕೊಂಡು, ವಾಪಸು ಬಂದೆವು. ಒಬ್ಬರೂ ತಂತಿ ದಾಟಲಿಲ್ಲ. ನಮ್ಮ ಜನ ಎಂಥವರೆಂದು ನಿಮಗೆ ಗೊತ್ತೇ ಇದೆ.

ಆ ದಾರಿ ಹೋದರೆ ಗುಡ್ಡವೇ ಹೋದಂತೆ. ಎರಡು ಹೊಲ, ಗಾರ್ಸ್ಟಿಯ ಅಂಗಳ, ಆಮೇಲೆ ಹಾಥಾರ್ನ್ ಪೊದೆಗಳ ನಡುವಿನ ಏರು. ಏರಿದರೆ ಒಂದು ಕಡೆ ನಮ್ಮ ಊರು, ಇನ್ನೊಂದು ಕಡೆ ವೇಲ್ಸಿನ ನೀಲಿ ಬೆಟ್ಟಸಾಲು. ಇಡೀ ಜಿಲ್ಲೆಯಲ್ಲಿ ಇಷ್ಟು ಕಡಿಮೆ ನಡೆದು ಇಷ್ಟು ದೂರ ನೋಡುವ ಜಾಗ ಇನ್ನೊಂದಿಲ್ಲ. ಈಗ ಗುಡ್ಡಕ್ಕೆ ಹೋಗಬೇಕಾದರೆ ಕಲ್ಲುಗಣಿ ಲಾರಿಗಳ ರಸ್ತೆಯಲ್ಲಿ ಸುತ್ತಬೇಕು.

ಯುದ್ಧ ಮುಗಿದಮೇಲೆ ಜಿಲ್ಲೆಯ ದಾರಿಗಳ ನಕ್ಷೆ ಮಾಡುವಾಗ ನಮ್ಮ ಪಂಚಾಯಿತಿಯವರು ಇದೊಂದನ್ನು ಗುರುತಿಸಲೇ ಇಲ್ಲವಂತೆ. ಬೆಡೋಸ್ ಮನೆಯ ಅಂಗಳದ ಮೇಲೆ ಗೆರೆ ಎಳೆಯುವುದು ಮರ್ಯಾದೆಯಲ್ಲ ಎಂದು ಬಿಟ್ಟರಂತೆ. ಈಗ ಇಪ್ಪತ್ತು ವರ್ಷ ಜನ ಅಡ್ಡಿಯಿಲ್ಲದೆ ನಡೆದಿದ್ದಾರೆಂದು ತೋರಿಸಿದರೆ ಮಾತ್ರ ದಾರಿ ನಮ್ಮದು. ನೀವು ಗುಡ್ಡದಾಚೆಯ ಮಿಲ್‌ಹೋಪ್ ಶಾಲೆಗೆ ಪಾಠ ಹೇಳಲು ದಿನಾ ಅದೇ ದಾರಿಯಲ್ಲಿ ಹೋದವರು. ನಾಲ್ಕು ಸಾಲು ಬರೆದು ಕಳಿಸಿ, ಸಾಕು.

ನಿಮ್ಮ
ಲಿನೆಟ್


ಬೋರ್ತ್, ವೇಲ್ಸ್
15 ಫೆಬ್ರವರಿ 1987

ಲಿನೆಟ್‌ಗೆ,

ನಿನ್ನ ಕಾಗದ ಬಂತು. ನಾನು ನಡೆದಿದ್ದು ನಿಜ. ಊರಿನವರೆಲ್ಲ ನಡೆದಿದ್ದಾರೆ, ಅವರನ್ನು ಕೇಳು. ನಾನು ಊರು ಬಿಟ್ಟವಳು. ಬಿಟ್ಟಮೇಲೆ ಅಲ್ಲಿನ ತಂತಿ, ಬೋರ್ಡು, ಬೇಲಿಯ ಪಂಚಾಯಿತಿ ನನಗೆ ಬೇಡ.

ಇಲ್ಲಿ ನಡೆಯುವುದಕ್ಕೆ ಸಮುದ್ರದಂಡೆ ಇದೆ. ಚಪ್ಪಟೆ. ಒಂದು ತಡಮೆ ಇಲ್ಲ, ಒಂದು ಗೇಟಿಲ್ಲ, ಯಾರ ಅಂಗಳವೂ ಇಲ್ಲ. ಒಂದು ಗಂಟೆ ನಡೆದರೂ ಹೊರಟಲ್ಲೇ ಇರುವಂತೆ ಕಾಣುತ್ತದೆ. ಮೊಣಕಾಲಿಗೆ ಒಳ್ಳೆಯದು ಎಂದು ಡಾಕ್ಟರು ಹೇಳುತ್ತಾರೆ. ಮೊಣಕಾಲೊಂದಕ್ಕೆ ಒಳ್ಳೆಯದಾದರೆ ಸಾಕೇ?

ನಿನ್ನ ಅಮ್ಮನಿಗೆ ಹೇಳು, ಅವಳು ಹೆಣೆದು ಕಳಿಸಿದ ಕೈಗವಸು ಸರಿಹೊಂದುತ್ತದೆ.

ಗಾರ್ಸ್ಟಿಯ ಅಡಿಗೆಮನೆಯ ಕಿಟಕಿಗೆ ಈಗ ಪರದೆ ಹಾಕಿದ್ದಾರೆಯೇ? ಸುಮ್ಮನೆ ಕೇಳಿದೆ.

ನಿನ್ನ ದೊಡ್ಡಮ್ಮ
ಹೆಸ್ಟರ್


ಹೋಪ್‌ಬ್ಯಾಚ್
23 ಏಪ್ರಿಲ್ 1987

ಪ್ರೀತಿಯ ದೊಡ್ಡಮ್ಮನಿಗೆ,

ಕಿಟಕಿಗೆ ಹಸಿರು ಪರದೆ ಹಾಕಿದ್ದಾರೆ. 'ಸುಮ್ಮನೆ' ಕೇಳಿದವರಿಗೆ ಸುಮ್ಮನೆ ಹೇಳಿದೆ.

ಇಲ್ಲಿ ಆದ ಅವಾಂತರ ಕೇಳಿ. ಊರಿನಲ್ಲಿ ನಲವತ್ತು ಜನರಿಂದ ಹೇಳಿಕೆ ಬರೆಸಿದೆ. ಜಿಲ್ಲಾ ಕಚೇರಿಯಿಂದ ಕಾಲುದಾರಿಗಳ ಅಧಿಕಾರಿ ಮಿಸ್ಟರ್ ಲಾಕ್‌ಲಿ ಬಂದು, ಊರಿನ ಸಭೆಯ ಹಾಲ್‌ನಲ್ಲಿ ಕೂತು, ಒಂದೊಂದೇ ಓದಿದರು. ಓದುತ್ತ ಹೋದಂತೆ ಅವರ ಮುಖ ಸಣ್ಣದಾಗುತ್ತ ಬಂತು. ನಮ್ಮ ಅಂಚೆ ಕಚೇರಿಯ ಮಿಸೆಸ್ ಹಾಚ್‌ಕಿಸ್ ಅವರ ಎದುರೇ ಕೂತಿದ್ದರು.

"ಏನಮ್ಮಾ ಇದು? 'ದಿವಂಗತ ಬೆಡೋಸ್ ಅವರ ದೊಡ್ಡ ಮನಸ್ಸಿನಿಂದ' ಅಂತ ಬರ್ದಿದೀರಲ್ಲ?" ಎಂದರು ಲಾಕ್‌ಲಿ.

"ಇದ್ದದ್ದು ಬರ್ದಿದೀನಪ್ಪ. ಸತ್ತೋರ ಬಗ್ಗೆ ನಾಲ್ಕು ಒಳ್ಳೇ ಮಾತು ಬರೀಬಾರ್ದಾ? ನಾನು ಕೇಳ್ದಾಗ್ಲೆಲ್ಲ, ಧಾರಾಳವಾಗಿ ಹೋಗಿ ಬನ್ನಿ ಅಂತಿದ್ರು."

"ಪ್ರತಿ ಸಲಾನೂ ಕೇಳ್ತಿದ್ರಾ?"

"ಕೇಳ್ದೆ ಇನ್ನೊಬ್ರ ಅಂಗಳದಲ್ಲಿ ಹೆಂಗ್ ಹೋಗೋದು? ನಾವೇನು ದನಾನಾ?"

ಮೂವತ್ತೈದು ಜನ ಇದೇ ಧಾಟಿಯಲ್ಲಿ ಬರೆದಿದ್ದರು, ದೊಡ್ಡಮ್ಮ. 'ಅವರ ಕೃಪೆಯಿಂದ', 'ಅವರು ಕೈಬೀಸಿ ಹೋಗಿ ಎಂದರು', 'ಕ್ರಿಸ್‌ಮಸ್ಸಿಗೆ ಕೇಕು ಕೊಟ್ಟು ಧನ್ಯವಾದ ಹೇಳುತ್ತಿದ್ದೆವು'. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ. ಲಾಕ್‌ಲಿ ಕನ್ನಡಕ ತೆಗೆದಿಟ್ಟು ನನ್ನ ಕಡೆ ನೋಡಿದರು.

"ನಿಮ್ಮೂರಿನವ್ರು ಥ್ಯಾಂಕ್ಸ್ ಹೇಳಿ ಹೇಳಿ ದಾರೀನ ಕಳ್ಕೊಂಡಿದಾರೆ ಕಣಮ್ಮ," ಎಂದರು. "ಅಪ್ಪಣೆ ಕೊಟ್ಟು ಬಿಟ್ಟ ದಾರಿ, ಕೊಟ್ಟೋನದು. ಅವನು ಸತ್ತಮೇಲೆ ಮಗನೋ ಮೊಮ್ಮಗನೋ ಸಾಕು ಅಂದ್ರೆ ಅಲ್ಲಿಗೆ ಮುಗೀತು. ಹಾಗಂತ ಬೇಡ ಬೇಡ ಅಂದಮೇಲೂ ನುಗ್ಗಿದ್ರೆ ಅದೂ ನಡೆಯಲ್ಲ. ಒಡೆಯ ಹೂಂ ಅಂದಿರಬಾರ್ದು, ಉಹೂಂ ಅಂದಿರಬಾರ್ದು. ಕಣ್ಣೆದುರೇ ಜನ ನಡೀಬೇಕು, ಅವನು ನೋಡ್ತಾ ಸುಮ್ನಿರಬೇಕು. ಅಂಥ ದಾರಿ ಊರಿಂದು. ಹೀಗೆ ಕೇಳದೇ ನಡೆದೋರು ಈ ಊರಲ್ಲಿ ಒಬ್ರಾದ್ರೂ ಇದಾರಾ?"

ಕೊನೆಗೆ ಮಿಸೆಸ್ ಹಾಚ್‌ಕಿಸ್ ಬಾಯಿ ತೆರೆದರು. "ಹೆಸ್ಟರ್ ಗಿಟಿನ್ಸ್ ಇದಾಳಲ್ಲ. ಅವ್ಳು ಯಾರ ಹತ್ರಾನೂ ಏನೂ ಕೇಳ್ದೋಳಲ್ಲ. ಅದ್ರಲ್ಲೂ ರೂಬೆನ್ ಹತ್ರ."

ಇಷ್ಟು ಹೇಳಿ ಅವರು ಟೀ ಬಟ್ಟಲಿನೊಳಗೆ ನೋಡತೊಡಗಿದರು. ಉಳಿದವರೂ ತಂತಮ್ಮ ಬಟ್ಟಲು ನೋಡತೊಡಗಿದರು. ಒಬ್ಬರನ್ನೊಬ್ಬರು ನೋಡದೆ ಇಷ್ಟು ಜನ ಒಟ್ಟಿಗೆ ಬಟ್ಟಲು ನೋಡಿದ್ದನ್ನು ನಾನು ಕಂಡಿದ್ದು ಇದೇ ಮೊದಲು. ಮನೆಗೆ ಬಂದು ಅಮ್ಮನನ್ನು ಕೇಳಿದರೆ, "ಅದು ಅವಳ ವಿಷ್ಯ. ನೀನು ಮೊದ್ಲು ಊಟ ಮಾಡು" ಎಂದಳು.

ಅಂದು ನಿಮ್ಮ ಹಿಂದೆ ಸಾಲಾಗಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರಲ್ಲಿ ಐದು ಜನ 'ನಾವು ಗಿಟಿನ್ಸ್ ಟೀಚರ್ ಹಿಂದೆ ನಡೆದೆವು, ಅಷ್ಟೇ' ಎಂದು ಬರೆದಿದ್ದಾರೆ. ಆದರೆ ಟೀಚರಿಗೆ ಅಪ್ಪಣೆ ಇತ್ತು ಎಂದಾದರೆ ಅವರ ನಡಿಗೆಯೂ ಲೆಕ್ಕಕ್ಕೆ ಬರುವುದಿಲ್ಲವಂತೆ. ಹಾಗಾಗಿ ಎಲ್ಲ ನಿಮ್ಮ ಕಾಲಿನ ಮೇಲೆ ನಿಂತಿದೆ.

ಮೂಗು ತೂರಿಸುವುದು ನನ್ನ ಚಾಳಿ, ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ನೀವು ಯಾಕೆ ಕೇಳುತ್ತಿರಲಿಲ್ಲ? ಅವರು ಯಾಕೆ ಸುಮ್ಮನಿದ್ದರು?

ನಿಮ್ಮ
ಲಿನೆಟ್


ಬೋರ್ತ್
17 ಮೇ 1987

ಲಿನೆಟ್‌ಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದೆಂದು ಮೂರು ವಾರ ಸುಮ್ಮನಿದ್ದೆ. ನಾನು ಬರೆಯದಿದ್ದರೆ ನೀನು ಹಾಚ್‌ಕಿಸಳ ಬಾಯಿಂದ ಕೇಳುತ್ತೀಯ. ಅವಳು ಉಪ್ಪು ಖಾರ ಹಚ್ಚುತ್ತಾಳೆ. ಅದಕ್ಕಿಂತ ನಾನೇ ಹೇಳುವುದು ಮೇಲು.

ರೂಬೆನ್‌ಗೂ ನನಗೂ ಮದುವೆ ಗೊತ್ತಾಗಿತ್ತು. ಉಂಗುರ ತೊಟ್ಟು ಒಂದು ವರ್ಷವಾಗಿತ್ತು. 1952ರ ಅಕ್ಟೋಬರಿನಲ್ಲಿ ಒಂದು ಭಾನುವಾರ ಅವರ ಅಡಿಗೆಮನೆಯಲ್ಲಿ ಟೀಗೆ ಕೂತಿದ್ದೆವು. ಅವನ ತಾಯಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, "ಈ ಮನೇಲಿ ಇಬ್ರು ಹೆಂಗಸ್ರಿಗೆ ಜಾಗ ಇಲ್ಲ. ನಾನು ಹೋಗೋ ತನಕ ಕಾಯ್ಲಿ, ಅವ್ಳಿಗೇನು ಸ್ಕೂಲಿದೆಯಲ್ಲ" ಎಂದಳು. ನನಗೆ ಹೇಳಲಿಲ್ಲ, ಬ್ರೆಡ್ಡಿಗೆ ಹೇಳಿದಳು. ನಾನು ರೂಬೆನ್ ಕಡೆ ತಿರುಗಿ, "ನೀನೇನ್ ಹೇಳ್ತೀಯ?" ಎಂದು ಕೇಳಿದೆ. ಅವನು ಏನೂ ಹೇಳಲಿಲ್ಲ. ಇನ್ನೊಂದು ಸಲ ಕೇಳಿದೆ. ಆಗಲೂ ಇಲ್ಲ. ಉಂಗುರವನ್ನು ಬೆಣ್ಣೆ ತಟ್ಟೆಯ ಪಕ್ಕ ಇಟ್ಟು ಎದ್ದು ಬಂದೆ.

ಮಾರನೆ ದಿನ ಸೋಮವಾರ. ಶಾಲೆಗೆ ಹೋಗಬೇಕು. ರಸ್ತೆಯಲ್ಲಿ ಸುತ್ತಿದರೆ ಒಂದೂವರೆ ಗಂಟೆ. ನಾನು ಯಾಕೆ ಸುತ್ತಬೇಕು? ಹೊಲ ಅವನದಿರಬಹುದು, ಕಾಲು ನನ್ನದು. ಬೇಡ ಎನ್ನಬೇಕಾದರೆ ಅವನಿಗೆ ಬಾಯಿದೆ, ಅನ್ನಲಿ ಎಂದು ತಡಮೆ ಹತ್ತಿದೆ. ಅವನು ಕಿಟಕಿಯಲ್ಲಿ ಕೂತಿದ್ದ. ನೋಡಿದ. ಏನೂ ಅನ್ನಲಿಲ್ಲ. ಸಂಜೆ ಹಾಗೇ ವಾಪಸು ಬಂದೆ. ಮಾರನೆ ದಿನವೂ ಹೋದೆ. ಆಮೇಲೆ ನಿಲ್ಲಿಸಲಿಲ್ಲ.

ಮೊದಲ ವರ್ಷ ಅದು ಹಟ. ಆಮೇಲಾಮೇಲೆ ಹಟ ಎನ್ನುವುದಕ್ಕೆ ನನಗೇ ನಾಚಿಕೆಯಾಗುತ್ತಿತ್ತು. ಅವನ ತಾಯಿ ಸತ್ತ ವರ್ಷ ನಾನು ಹೊಸ ಟೋಪಿ ಕೊಂಡೆ. ಶಾಲೆಗೆ ಯಾರಾದರೂ ಅಂಥ ಟೋಪಿ ಹಾಕಿಕೊಂಡು ಹೋಗುತ್ತಾರೆಯೇ? ಮಕ್ಕಳು ನಕ್ಕವು. ಒಂದು ತಿಂಗಳು ಹಾಕಿಕೊಂಡೆ. ಇವತ್ತು ಕರೆಯುತ್ತಾನೆ, ನಾಳೆ ಬಾಗಿಲು ತೆರೆಯುತ್ತಾನೆ ಎಂದು. ಆಮೇಲೆ ಪೆಟ್ಟಿಗೆಯಲ್ಲಿಟ್ಟೆ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಹಾಗೆನ್ನುವವರು ಆ ಬಂಗಾರವನ್ನು ಒಂದಷ್ಟು ವರ್ಷ ಹೊತ್ತು ನೋಡಲಿ.

ಅವನು ಸತ್ತ ತಿಂಗಳೇ ನಾನು ಊರು ಬಿಟ್ಟಿದ್ದಕ್ಕೆ ನೀನು ಸಿಟ್ಟಾಗಿದ್ದೆ, ಗೊತ್ತು. ಕಿಟಕಿ ಖಾಲಿಯಾದಮೇಲೆ ಆ ದಾರಿಯಲ್ಲಿ ನಡೆಯಲು ನನ್ನಿಂದ ಆಗಲಿಲ್ಲ. ಇದನ್ನೆಲ್ಲ ನಾನು ಹಾಲ್‌ನಲ್ಲಿ ನಿಂತು ಊರಿಗೆ ಹೇಳುವುದಿಲ್ಲ. ನಿನಗೆ ಹೇಳಿದ್ದೇ ಹೆಚ್ಚಾಯಿತು.

ದೊಡ್ಡಮ್ಮ


ಹೋಪ್‌ಬ್ಯಾಚ್
19 ಜುಲೈ 1987

ದೊಡ್ಡಮ್ಮ,

ಈ ಹಾಳೆಯ ಮೇಲಿನ ನೇರಳೆ ಕಲೆ ಶಾಯಿಯದಲ್ಲ, ವಿನ್‌ಬೆರಿ ಹಣ್ಣಿನದು. ಗುಡ್ಡದ ಮೇಲೆ ಹಣ್ಣಾಗಿವೆ. ಈ ಸಲ ರಸ್ತೆಯಲ್ಲಿ ಸುತ್ತಿ ಹೋಗಿ ಕಿತ್ತೆವು. ಹೊರಟಾಗ ಹನ್ನೊಂದು ಜನ ಇದ್ದೆವು. ಒಂದು ಲಾರಿ ಪಕ್ಕದಲ್ಲೇ ಧೂಳೆಬ್ಬಿಸಿ ಹೋದಮೇಲೆ ನಾಲ್ವರು ಮನೆಗೆ ತಿರುಗಿದರು. ಹೀಗೇ ಆದರೆ ಮುಂದಿನ ವರ್ಷ ಆ ಗುಡ್ಡಕ್ಕೆ ಹಕ್ಕಿಗಳು ಮಾತ್ರ ಹೋಗುತ್ತವೆ.

ನಿಮ್ಮ ಕಾಗದವನ್ನು ಓದಿದೆ. ನಿಮ್ಮ ಮೇಲೆ ಇಷ್ಟು ವರ್ಷ ಮುನಿಸಿಕೊಂಡಿದ್ದೆ. ಈಗ ಆ ಮುನಿಸನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ನಾನು ಆ ಕಾಗದವನ್ನು ಯಾರಿಗೂ ತೋರಿಸಿಲ್ಲ. ಆದರೆ ವಿಷಯ ತಾನಾಗಿಯೇ ಹೊರಗೆ ಬಂದಿದೆ. ತಂದವನು ಟ್ರೆವರ್.

ಅವನೇನು ಕೆಟ್ಟವನಲ್ಲ. ಮೊನ್ನೆ ಗೇಟಿನ ಹತ್ತಿರ ಸಿಕ್ಕಿದ. ಕುರಿಯ ಉಣ್ಣೆ ಕತ್ತರಿಸಿ ತೋಳೆಲ್ಲ ಜಿಡ್ಡಾಗಿತ್ತು.

"ಹೋದ ವರ್ಷ ಏಪ್ರಿಲಲ್ಲಿ ಯಾರದೋ ನಾಯಿ ಬಂದು ನನ್ನ ಮೂರು ಮರೀನ ಹರಿದು ಹಾಕ್ತು," ಎಂದ. "ಅದರ ಜೊತೆ ಬಂದ ಮೇಡಂ ಏನಂದ್ರು ಗೊತ್ತಾ? 'ಇಲ್ಲ, ನಮ್ಮ ನಾಯಿ ಆಟ ಆಡ್ತಿದೆ' ಅಂದ್ರು. ನಾನು ತಂತಿ ಹಾಕಿದ್ದು ಊರಿನ ಮೇಲಿನ ದ್ವೇಷಕ್ಕಾ?"

"ನಾಯಿ ಕಟ್ಟಿ ಅಂತ ಬೋರ್ಡು ಹಾಕ್ಬಹುದಿತ್ತಲ್ಲ."

"ಬೋರ್ಡ್ ಓದೋ ನಾಯಿ ಇದ್ರೆ ಹೇಳಿ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಿಮ್ಮ ದೊಡ್ಡಮ್ಮನ ಹೆಸರು ಹೇಳ್ತಿದಾರೆ ಅಂತ ಕೇಳ್ದೆ. ನನ್ನ ವಕೀಲ್ರು ಅದಕ್ಕೆ ರೆಡಿ ಇದಾರೆ. ಮದುವೆ ಗೊತ್ತಾದೋಳಿಗೆ ಅಂಗಳ ದಾಟೋಕೆ ಅಪ್ಪಣೆ ಇರ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಆಮೇಲೆ ಆ ಮೆಟ್ಲು ಇದೆಯಲ್ಲ. ಚಿಕ್ಕಪ್ಪ ಅವ್ರಿಗೇ ಅಂತ ಮಾಡಿದ್ದು. ಮೆಟ್ಲು ಮಾಡಿಕೊಟ್ಟ ಅಂದ್ಮೇಲೆ, ಬಾ ಅಂದ ಹಾಗೇ ತಾನೇ?"

ಯಾವ ಮೆಟ್ಟಿಲು ಎಂದು ನನಗೆ ಹೊಳೆಯಲಿಲ್ಲ. ಹೋಗಿ ನೋಡಿದೆ. ಅಂಗಳದ ಕಡೆಯ ತಡಮೆಗೆ ಎಲ್ಲ ಕಡೆ ಇರುವಂತೆ ಎರಡು ಹಲಗೆ ಇವೆ. ಅವುಗಳ ಕೆಳಗೆ ಮೂರನೆಯದು, ಬಹಳ ತಗ್ಗಿನದು, ಓಕ್ ಮರದ್ದು. ಇಷ್ಟು ಸಲ ಅದರ ಮೇಲೆ ಕಾಲಿಟ್ಟು ಹತ್ತಿದ್ದೇನೆ, ಯಾಕಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನೀವು ಕಣಕಾಲು ಮುರಿದುಕೊಂಡ ವರ್ಷದ್ದೇ ಅದು?

ವಿಚಾರಣೆ ಸೆಪ್ಟೆಂಬರ್ 17ಕ್ಕೆ. ಲಂಡನ್ನಿನಿಂದ ಅಧಿಕಾರಿ ಬರುತ್ತಾರೆ. ಲಾಕ್‌ಲಿ ಹೇಳುವ ಪ್ರಕಾರ ಪ್ರಶ್ನೆ ಒಂದೇ: ಆ ಮೆಟ್ಟಿಲಿನ ಜೊತೆ ಮಾತೇನಾದರೂ ಇತ್ತೇ? ಮಾತಿದ್ದರೆ ಅದು ಅಪ್ಪಣೆ. ಇಲ್ಲದಿದ್ದರೆ ಅದು ಬರೀ ಮರ. ಅದನ್ನು ಹೇಳಬಲ್ಲವರು ಇಬ್ಬರೇ, ಒಬ್ಬರು ಚರ್ಚಿನ ಹಿಂದೆ ಮಲಗಿದ್ದಾರೆ.

ಲಿನೆಟ್


ಬೋರ್ತ್
9 ಆಗಸ್ಟ್ 1987

ಲಿನೆಟ್,

ಹೌದು, ಅದೇ ವರ್ಷದ್ದು. ಕಾಲಿಗೆ ಪ್ಲಾಸ್ಟರ್ ಹಾಕಿ ಆರು ವಾರ ನಿಮ್ಮ ಮನೆಯ ಸೋಫಾದ ಮೇಲೆ ಬಿದ್ದಿದ್ದೆ. ಬಿಚ್ಚಿದ ಮೇಲೆ ಕೋಲು ಹಿಡಿದು ಮೊದಲ ದಿನ ಹೋದೆ. ಹತ್ತಲಾಗುವುದಿಲ್ಲ, ಅವನು ನೋಡುತ್ತಿರುವಾಗಲೇ ಸೋತು ತಿರುಗಬೇಕು ಎಂದು ದಾರಿಯುದ್ದಕ್ಕೂ ಹೆದರಿದ್ದೆ. ಹೋಗಿ ನೋಡಿದರೆ ಹೊಸ ಹಲಗೆ. ಅಂಚನ್ನು ಉಜ್ಜಿ ನಯ ಮಾಡಿದ್ದ, ಜಾರದಿರಲೆಂದು ಮೇಲೆ ಕೋಳಿಗೂಡಿನ ತಂತಿಬಲೆ ಹೊಡೆದಿದ್ದ. ಕಾಲಿಟ್ಟೆ, ಹತ್ತಿದೆ, ಇಳಿದೆ, ಹೋದೆ. ನಿಲ್ಲಲಿಲ್ಲ. ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆ.

ಮಾತು ಇತ್ತೇ ಎಂದು ಕೇಳುತ್ತೀಯ. ಬಾಯಿಂದ ಬಂದದ್ದು ಇಲ್ಲ. ಆದರೆ ನಾನು ಅದನ್ನು ಮಾತು ಎಂದೇ ಇಟ್ಟುಕೊಂಡಿದ್ದೇನೆ. ಅಷ್ಟು ವರ್ಷದಲ್ಲಿ ಅವನು ನನಗೆ ಹೇಳಿದ ಒಂದೇ ಮಾತು ಅದು. ಅವನು ಸತ್ತಾಗ ಚರ್ಚಿನಲ್ಲಿ ಮನೆಯವರು ಮುಂದಿನ ಸಾಲಿನಲ್ಲಿ ಕೂತಿದ್ದರು, ನಾನು ಹಾಚ್‌ಕಿಸಳ ಪಕ್ಕ ಹಿಂದಿನ ಸಾಲಿನಲ್ಲಿ. ಹಿಂದೆ ಕೂತದ್ದಕ್ಕೆ ನನಗೆ ಅಂಥ ದುಃಖವಾಗಲಿಲ್ಲ. ನನ್ನದೂ ಒಂದು ಮಾತಿದೆಯಲ್ಲ ಎಂದು ಧೈರ್ಯವಿತ್ತು.

ಈಗ ನಾನು ಬಂದು, ಬೈಬಲ್ ಮೇಲೆ ಕೈಯಿಟ್ಟು, ಅದು ಮಾತಲ್ಲ, ಬರೀ ಮರ ಎನ್ನಬೇಕು. ಮಾತು ಎಂದರೆ ನಿಮ್ಮ ದಾರಿ ಹೋಗುತ್ತದೆ. ಅಲ್ಲ ಎಂದರೆ ನನ್ನದು ಹೋಗುತ್ತದೆ. ಇದನ್ನು ನನ್ನಿಂದ ಕೇಳುವಾಗ ಇಷ್ಟು ಯೋಚಿಸಿದ್ದೆಯಾ? ಯೋಚಿಸಿರಲಿಕ್ಕಿಲ್ಲ. ಬೈಯುತ್ತಿಲ್ಲ, ನನಗೇ ಈಗ ತಾನೇ ಹೊಳೆದದ್ದು.

ಬರುತ್ತೇನೋ ಇಲ್ಲವೋ ಹೇಳಲಾರೆ. ನನಗಾಗಿ ಕಾಯಬೇಡಿ.

ಹೆಸ್ಟರ್


ಹೋಪ್‌ಬ್ಯಾಚ್
20 ಸೆಪ್ಟೆಂಬರ್ 1987

ಪ್ರೀತಿಯ ದೊಡ್ಡಮ್ಮನಿಗೆ,

ವಿಚಾರಣೆಗೆ ಬಂದಿರಿ, ಹೇಳುವುದನ್ನು ಹೇಳಿದಿರಿ, ಮೂರು ಗಂಟೆಯ ಬಸ್ಸಿಗೆ ಹೊರಟೇಬಿಟ್ಟಿರಿ. ನಾನು ಟೀ ಹಿಡಿದು ಹೊರಗೆ ಬರುವಷ್ಟರಲ್ಲಿ ಬಸ್ಸು ತಿರುವಿನಲ್ಲಿತ್ತು. ಬಟ್ಟಲು ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದವಳನ್ನು ನೋಡಿ ಲಾಕ್‌ಲಿ ತಾವೇ ಅದನ್ನು ತೆಗೆದುಕೊಂಡು ಕುಡಿದರು.

ಅಂದು ನೀವು ಏನು ಹೇಳಿದಿರಿ ಎಂದು ನಿಮಗೇ ಸರಿಯಾಗಿ ನೆನಪಿದೆಯೋ ಇಲ್ಲವೋ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಿರಿ. ಆ ಟೋಪಿ ನಿಮಗೆ ಚೆನ್ನಾಗಿ ಒಪ್ಪುತ್ತಿತ್ತು. ಅದು ಪೆಟ್ಟಿಗೆಯಲ್ಲಿಟ್ಟಿದ್ದ ಟೋಪಿಯೇ ಎಂದು ನಾನು ಕೇಳುವುದಿಲ್ಲ. ನನಗೂ ಒಂದೊಂದು ಸಲ ಮೂಗಿಗೆ ಲಗಾಮು ಹಾಕಲು ಬರುತ್ತದೆ. ಮುಂದಿನ ಸಾಲಿನಲ್ಲಿ ಕೂತ ನನಗೆ ಕೇಳಿಸಿದ್ದನ್ನು ಬರೆಯುತ್ತೇನೆ.

ಟ್ರೆವರ್‌ನ ವಕೀಲರು ಕೇಳಿದರು, "ಆ ಮೆಟ್ಟಿಲು ಯಾರಿಗಾಗಿ ಮಾಡಿದ್ದು, ಮಿಸ್ ಗಿಟಿನ್ಸ್?"

"ಕುರಿಗಳಿಗಂತೂ ಅಲ್ಲ," ಎಂದಿರಿ. ಹಾಲ್ ನಕ್ಕಿತು. ನೀವು ನಗಲಿಲ್ಲ.

"ಅಂದ್ರೆ ನಿಮಗಾಗಿ. ಅಂದ್ರೆ ನೀವು ಬರಲಿ ಅಂತ ಅವರಿಗೆ ಇಷ್ಟ ಇತ್ತು."

"ಇತ್ತೋ ಇಲ್ವೋ ನಂಗೆ ಗೊತ್ತಿಲ್ಲ. ಅವ್ರು ಹೇಳ್ಲಿಲ್ಲ."

"ಒಂದು ಸಲಾನೂ?"

"ನಾನು ಎರಡು ಸಲ ಕೇಳ್ದೆ. ಅದು ದಾರಿ ವಿಷ್ಯ ಅಲ್ಲ, ಬೇರೆ ವಿಷ್ಯ. ಆಗ್ಲೂ ಹೇಳ್ಲಿಲ್ಲ. ಆಮೇಲೆ ನಾನೂ ಕೇಳ್ಲಿಲ್ಲ."

"ಮೆಟ್ಟಿಲು ನೋಡಿದಾಗ ನಿಮಗೆ ಏನು ಅನ್ನಿಸ್ತು?"

ಆಗ ನೀವು ಟೋಪಿ ಸರಿಮಾಡಿಕೊಂಡಿರಿ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ನಂಗೆ ಅನ್ನಿಸಿದ್ದು ನನ್ನದು," ಎಂದಿರಿ. "ಅವ್ರು ಹೇಳಿದ್ದು ಏನು ಅಂತ ಕೇಳಿ. ಏನೂ ಇಲ್ಲ. ಅವ್ರ ಕಣ್ಣೆದುರಿಗೇ ಮೂವತ್ತೊಂದು ವರ್ಷ ಓಡಾಡ್ದೆ. ಒಂದು ಮಾತು ಬರ್ಲಿ ಅಂತ ಕಾದೆ. ಬರ್ಲಿಲ್ಲ. ಅಪ್ಪಣೆ ಅಂತೀರಲ್ಲ, ಕೊಟ್ಟಿದ್ರೆ ನಾನು ಅಂಗಳ ದಾಟಿ ಯಾಕ್ ಹೋಗ್ತಿದ್ದೆ? ಬಾಗಿಲೊಳಗೆ ಹೋಗ್ತಿದ್ದೆ."

ವಕೀಲರು ಕೂತರು. ಮಿಸೆಸ್ ಹಾಚ್‌ಕಿಸ್ ಕರವಸ್ತ್ರ ತೆಗೆದರು. ನಮ್ಮ ಜನ ತಂತಮ್ಮ ಬೂಟು ನೋಡಿಕೊಂಡರು. ಆಮೇಲೆ ಎರಡು ಕಡೆಯವರೂ ಸೇರಿ ಒಂದೇ ಕೇಕನ್ನು ಹಂಚಿಕೊಂಡು ತಿಂದೆವು, ಇನ್ನೇನು ಮಾಡುವುದು?

ಟ್ರೆವರ್ ನನ್ನ ಹತ್ತಿರ ಬಂದ. ಅವನ ಮುಖ ಕೆಂಪಾಗಿತ್ತು. "ಚಿಕ್ಕೋನಿದ್ದಾಗ ರಜಕ್ಕೆ ಅಲ್ಲಿರ್ತಿದ್ದೆ," ಎಂದ. "ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಒಂದೈದು ನಿಮಿಷ ನಾವ್ಯಾರೂ ಬಾಯಿ ಬಿಡೋ ಹಾಗಿರ್ಲಿಲ್ಲ. ಚಮಚ ಸದ್ದಾದ್ರೂ ಚಿಕ್ಕಪ್ಪ ಕಣ್ಣು ಬಿಡ್ತಿದ್ರು. ರೇಡಿಯೋದಲ್ಲಿ ಹವಾಮಾನ ಕೇಳ್ತಾರೇನೋ ಅನ್ಕೊಂಡಿದ್ದೆ. ರೇಡಿಯೋ ಹಾಕಿರ್ತಾನೇ ಇರ್ಲಿಲ್ಲ."

ಇದನ್ನು ನಿಮಗೆ ಹೇಳಬೇಕೋ ಬಾರದೋ ಎಂದು ಮೂರು ದಿನ ಯೋಚಿಸಿದೆ. ಹೇಳಿದ್ದೇನೆ.

ನಿಮ್ಮ
ಲಿನೆಟ್


ಹೋಪ್‌ಬ್ಯಾಚ್
24 ಜನವರಿ 1988

ದೊಡ್ಡಮ್ಮ,

ನಾಲ್ಕು ತಿಂಗಳಿಂದ ನಿಮ್ಮಿಂದ ಒಂದು ಸಾಲಿಲ್ಲ. ನನ್ನ ಹಿಂದಿನ ಕಾಗದಕ್ಕೆ ಉತ್ತರ ಬೇಡ. ಸುದ್ದಿ ಮಾತ್ರ ಬರೆಯುತ್ತೇನೆ.

ದಾರಿ ನಮ್ಮದಾಯಿತು. ತೀರ್ಪಿನ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. ಶುಕ್ರವಾರ ಟ್ರೆವರ್ ತಾನೇ ತಂತಿ ಬಿಚ್ಚಿದ. ನಾಯಿ ಕಟ್ಟಿಕೊಂಡೇ ಬರುತ್ತೇವೆಂದು ನಾನು ಅವನಿಗೆ ಮಾತು ಕೊಟ್ಟಿದ್ದೇನೆ. ಭಾನುವಾರ ಮೂವತ್ತು ಜನ ನಡೆದೆವು. ಹಿಮ ಬಿದ್ದು ಹೊಲ ಬೆಳ್ಳಗಿತ್ತು. ಗುಡ್ಡದ ಮೇಲಿಂದ ವೇಲ್ಸ್ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ನಿಮ್ಮ ಬೋರ್ತ್ ಆ ಬೆಟ್ಟಗಳ ಬೆನ್ನಿಗೇ ಇದೆ ಎಂದು ಎಲ್ಲರಿಗೂ ಕೈ ತೋರಿಸಿದೆ. ಕೆಳಗೆ ಅಂಗಳ ದಾಟುವಾಗ ನಡೆದದ್ದನ್ನು ಕೇಳಿದರೆ ನಗುತ್ತೀರಿ. ಹಕ್ಕು ಗೆದ್ದ ಮೂವತ್ತು ಜನರಲ್ಲಿ ಮೂವತ್ತೂ ಜನ ಕಿಟಕಿಯ ಕಡೆ ಕೈಬೀಸಿ ಟ್ರೆವರ್‌ಗೆ ಧನ್ಯವಾದ ಹೇಳಿದರು. ಲಾಕ್‌ಲಿ ಹಣೆ ಚಚ್ಚಿಕೊಂಡರು.

ಒಂದೇ ಒಂದು ಷರತ್ತು ಇದೆ, ಅದು ಎಲ್ಲ ಕಾಲುದಾರಿಗಳಿಗೂ ಇರುವುದಂತೆ. ಹಕ್ಕಿರುವುದು ಹಾದುಹೋಗಲು ಮಾತ್ರ. ಅಂಗಳದಲ್ಲಿ ನಿಂತುಕೊಳ್ಳುವುದಕ್ಕೆ, ಕೂರುವುದಕ್ಕೆ ಇಲ್ಲ. ಮಿಸೆಸ್ ಹಾಚ್‌ಕಿಸ್ ಬೂಟಿನ ದಾರ ಕಟ್ಟಿಕೊಳ್ಳಲು ನಿಂತದ್ದಕ್ಕೆ ಎಲ್ಲರೂ ಅವರನ್ನು ಗೇಲಿ ಮಾಡಿದರು.

ಲಿನೆಟ್


ಬೋರ್ತ್
21 ಫೆಬ್ರವರಿ 1988

ಪ್ರೀತಿಯ ಲಿನೆಟ್,

ತೀರ್ಪನ್ನು ಓದಿದೆ. ನಾಲ್ಕನೆಯ ಪುಟದಲ್ಲಿದೆ: 'ಮಿಸ್ ಗಿಟಿನ್ಸ್ ಅವರಿಗೆ ದಿವಂಗತ ಬೆಡೋಸ್ ಅವರು ಯಾವುದೇ ಸಮಯದಲ್ಲಿ, ಯಾವುದೇ ರೀತಿಯಲ್ಲಿ, ಏನನ್ನೂ ತಿಳಿಸಿರಲಿಲ್ಲ ಎಂಬುದು ಸಾಬೀತಾಗಿದೆ.' ಕೆಳಗೆ ಮೊಹರು. ನನ್ನ ಬದುಕನ್ನು ಸರಕಾರದವರು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಮೊದಲ ಸಲ ಓದಿದಾಗ ಕಾಗದವನ್ನು ಒಲೆಗೆ ಹಾಕೋಣ ಎನ್ನಿಸಿತು. ಹಾಕಲಿಲ್ಲ. ನಾನೇ ಹೇಳಿದ ಮಾತು, ಸುಳ್ಳೇನಲ್ಲ.

ಚಮಚದ ಸದ್ದಿನ ವಿಷಯ ಬರೆದಿದ್ದೆಯಲ್ಲ, ಅದಕ್ಕೆ ಉತ್ತರ ಬೇಡ ಎಂದೂ ಬರೆದಿದ್ದೆ. ಚಳಿಗಾಲವೆಲ್ಲ ಅದನ್ನೇ ಯೋಚಿಸಿದೆ. ಅವನು ಒಳಗೆ ಸದ್ದಿಲ್ಲದೆ ಕೂತಿದ್ದ, ನಾನು ಹೊರಗೆ ಸದ್ದಿಲ್ಲದೆ ಹೋಗುತ್ತಿದ್ದೆ. ಒಬ್ಬರಾದರೂ ಕೆಮ್ಮಬಹುದಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಈಗ ಅವನನ್ನು ನೋಡಬೇಕು ಎನ್ನಿಸುತ್ತದೆ. ಎಷ್ಟೋ ವರ್ಷದಿಂದ ಇದನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ.

ಈಸ್ಟರಿಗೆ ಬರುತ್ತೇನೆ. ನಿನ್ನ ಗುಂಪಿನ ಜೊತೆಯೇ ನಡೆಯುತ್ತೇನೆ, ಮಿಲ್‌ಹೋಪ್‌ವರೆಗೆ. ಸೋಫಾ ಸಾಕು, ಹಾಸಿಗೆ ಬೇಡ ಎಂದು ನಿನ್ನ ಅಮ್ಮನಿಗೆ ಹೇಳು.

ಇನ್ನೊಂದು ಕೆಲಸ ಆಗಬೇಕು. ಹಕ್ಕಿರುವುದು ಹಾದುಹೋಗಲು ಮಾತ್ರ ಎಂದು ಬರೆದಿದ್ದೀಯ. ನನಗೆ ಅದು ಹೊಸದಲ್ಲ. ಅಷ್ಟು ವರ್ಷವೂ ಆ ಅಂಗಳದಲ್ಲಿ ನಾನು ಒಂದು ಸಲವೂ ನಿಂತಿಲ್ಲ. ನಿಂತರೆ ಕೇಳಿದ ಹಾಗಾಗುತ್ತಿತ್ತು. ಆದ್ದರಿಂದ ನೀನು ಟ್ರೆವರ್ ಹತ್ತಿರ ಹೋಗಿ, ನನ್ನ ಹೆಸರು ಹೇಳಿ, ಮರ್ಯಾದೆಯಿಂದ ಕೇಳು: ಅವನ ಚಿಕ್ಕಪ್ಪನ ಕಿಟಕಿಯ ಎದುರು ನಾನು ಸ್ವಲ್ಪ ಹೊತ್ತು ನಿಂತುಕೊಳ್ಳಬಹುದೇ? ಬೇಡ ಎಂದರೆ ಬೇಡ. ಆದರೆ ಕೇಳು.

ನಿನ್ನ ದೊಡ್ಡಮ್ಮ
ಹೆಸ್ಟರ್